ಸಾಕು ನಾಯಿಗೆ ‘ಸಾಕು’ ಅನ್ನೋದು ಗೊತ್ತಿಲ್ಲ

ನಮ್ಮ ಗುಂಡ ಲ್ಯಾಬ್ರಡಾರ್. ಆಗ ಅವನಿಗೆ ಆರು ವರ್ಷ, ತೂಕ 38 ಕೆಜಿ. ಇರಬೇಕಾದ್ದಕ್ಕಿಂತ ಐದಾರು ಕೆಜಿ ಜಾಸ್ತಿಯೇ. ಅದರಲ್ಲಿ ಅರ್ಧ ನಮ್ಮತ್ತೆಯ ತುಪ್ಪ ಸವರಿದ ಚಪಾತಿಯ ಕೊಡುಗೆ, ಇನ್ನರ್ಧ ನನ್ನ ಸೋಮಾರಿತನದ್ದು. ಚೆಂಡು ಎಸೆದರೆ ತರುತ್ತಾನೆ. ಮತ್ತೆ ಎಸೆದರೆ ಮತ್ತೆ ತರುತ್ತಾನೆ. ಇಪ್ಪತ್ತು ಸಲ ಎಸೆದರೂ ಇಪ್ಪತ್ತೊಂದನೆಯದಕ್ಕೆ ಬಾಲ ಆಡಿಸುತ್ತಾ ನಿಂತಿರುತ್ತಾನೆ. ಇದನ್ನು ತುಂಬಾ ದಿನ ಅವನ ಶಕ್ತಿ ಅಂದುಕೊಂಡಿದ್ದೆ. ಮನೆಗೆ ಬಂದವರ ಮುಂದೆ ಹೇಳಿಕೊಂಡು ಬೀಗುತ್ತಿದ್ದೆ ಕೂಡ.

2024ರ ಏಪ್ರಿಲ್ ನೆನಪಿದೆಯಲ್ವಾ? ಬೆಂಗಳೂರಲ್ಲಿದ್ದವರು ಮರೆಯೋ ಹಾಗೇ ಇಲ್ಲ. ಬೋರ್‌ವೆಲ್ ಬತ್ತಿತ್ತು. ಟ್ಯಾಂಕರ್‌ನವರಿಗೆ ಫೋನ್ ಮೇಲೆ ಫೋನ್. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲೇ ಹೇಳಿತ್ತು. ಏಪ್ರಿಲ್ 28ರ ಭಾನುವಾರ ಊರಿನ ಉಷ್ಣಾಂಶ 38.5 ಡಿಗ್ರಿಗೆ ಹೋಯಿತು. ‘ಎ.ಸಿ. ಬೇಡದ ಊರು’ ಅಂತ ಬೇರೆ ಊರಿನ ನೆಂಟರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ ನಾವೆಲ್ಲ ಬಾಯಿ ಮುಚ್ಚಿಕೊಂಡು ಫ್ಯಾನಿನ ಕೆಳಗೆ ಮಲಗಿದ್ದೆವು.

ಅದಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಗುಂಡನನ್ನು ನಾನೇ ಕೈಯಾರೆ ಸಾಯಿಸಿಬಿಡುವುದರಲ್ಲಿದ್ದೆ.

ಊರಾಚೆ ಒಂದು ಹುಲ್ಲುಹಾಸಿನ ಜಾಗದಲ್ಲಿ ನಾಯಿಗಳ ಸಮ್ಮಿಲನ ಇತ್ತು. ಬೆಳಗ್ಗೆ ಹತ್ತೂವರೆಗೆ ಶುರು. ಟಿಕೆಟ್ಟು, ಬ್ಯಾನರು, ಸೆಲ್ಫಿಗೊಂದು ಮೂಲೆ, ವೇಷಭೂಷಣ ಸ್ಪರ್ಧೆ. ಪಂಚೆ ಶಲ್ಯ ಹಾಕಿಸಿಕೊಂಡ ಒಂದು ಬೀಗಲ್ ಇತ್ತು, ಪಾಪ. ಮಾಲೀಕರಿಗೆ ಶಾಮಿಯಾನ ಹಾಕಿದ್ದರು. ನಾಯಿಗಳಿಗೆ ಇದ್ದದ್ದು ಬಯಲು, ಮೂಲೆಯಲ್ಲಿ ಎರಡು ಬಕೆಟ್ ನೀರು. ನಡೆಸುವವರನ್ನು ಬೈದು ಈಗ ಪ್ರಯೋಜನ ಇಲ್ಲ, ಟಿಕೆಟ್ ತಗೊಂಡು ಹೋದವಳು ನಾನು. ಚೆಂಡು ತರುವ ಸ್ಪರ್ಧೆ ಅಂದಾಗ ಎಲ್ಲರಿಗಿಂತ ಮುಂಚೆ ಹೆಸರು ಕೊಟ್ಟವಳೂ ನಾನೇ.

ಗುಂಡ ಓಡಿದ. ಜನ ಚಪ್ಪಾಳೆ ತಟ್ಟಿದರು, ಇನ್ನೂ ಓಡಿದ. ಸ್ಪರ್ಧೆ ಮುಗಿದ ಮೇಲೂ ಯಾರೋ ಮಕ್ಕಳು ಎಸೆಯುತ್ತಿದ್ದರು, ಇವನು ತರುತ್ತಲೇ ಇದ್ದ. ನಾಲಿಗೆ ಸೌಟಿನ ಹಾಗೆ ಅಗಲವಾಗಿ ಹೊರಗೆ ಬಂದಿತ್ತು. ಜೊಲ್ಲು ತೆಳ್ಳಗೆ ಸೋರುತ್ತಿರಲಿಲ್ಲ, ಗಂಜಿಯ ಹಾಗೆ ದಪ್ಪಗೆ ಎಳೆ ಎಳೆಯಾಗಿ ನೇತಾಡುತ್ತಿತ್ತು. ಇದನ್ನೆಲ್ಲ ನೋಡಿದ್ದೇನೆ. ಫೋಟೋದಲ್ಲೂ ಇದೆ. ಆ ಫೋಟೋಗೆ ‘ಹ್ಯಾಪಿ ಬಾಯ್’ ಅಂತ ಬರೆದು ಸ್ಟೇಟಸ್ ಹಾಕಿದ್ದೆ. ಹತ್ತು ನಿಮಿಷದ ಮೇಲೆ ಅವನು ಬಂದು ಮಲಗಿದ. ಎದ್ದಾಗ ಹಿಂಗಾಲು ಕುಡುಕನ ಹಾಗೆ ಅಡ್ಡಡ್ಡ ಹೋಯಿತು. ನೊರೆ ನೊರೆಯಾಗಿ ವಾಂತಿ ಮಾಡಿದ. ಹೆಸರು ಕರೆದರೆ ನನ್ನ ಕಡೆ ನೋಡಿದ, ಆದರೆ ನನ್ನನ್ನು ನೋಡಲಿಲ್ಲ.

ನಾನು ಗಾಬರಿಯಾಗಿ ಒದ್ದೆ ಟವೆಲ್ ತಂದು ಮೈಗೆ ಸುತ್ತಿದೆ. ಪಕ್ಕದಲ್ಲಿದ್ದ ಒಬ್ಬ ಹುಡುಗಿ, ಪಶುವೈದ್ಯಕೀಯ ಓದುತ್ತಿದ್ದವಳು, ಓಡಿಬಂದು ಆ ಟವೆಲನ್ನು ಕಿತ್ತು ಬಿಸಾಡಿದಳು. “ಆಂಟಿ, ಹೊದಿಸಬೇಡಿ, ಒಳಗಿನ ಕಾವು ಹೊರಗೆ ಹೋಗಲ್ಲ. ಸುರೀರಿ, ನೀರು ಸುರೀರಿ!” ಶಾಮಿಯಾನದ ಕೆಳಗಿದ್ದ 20 ಲೀಟರಿನ ಕುಡಿಯುವ ನೀರಿನ ಕ್ಯಾನನ್ನು ಇಬ್ಬರು ಎತ್ತಿ ತಂದರು. ಆ ಬರಗಾಲದಲ್ಲಿ, ದುಡ್ಡು ಕೊಟ್ಟು ತಂದ ನೀರು. ಕತ್ತು, ಎದೆ, ಹೊಟ್ಟೆ, ತೊಡೆಯ ಸಂದಿ ಅಂತ ಸುರಿಯುತ್ತಾ ಹೋದರು. ಇನ್ನೊಬ್ಬರು ಬ್ಯಾನರ್ ಹರಿದು ಅದರಲ್ಲೇ ಗಾಳಿ ಬೀಸಿದರು. ನನ್ನ ಗಂಡ ಐಸ್ ಹುಡುಕಿಕೊಂಡು ಹೋಗೋಕೆ ಹೊರಟಿದ್ದವರನ್ನು ಆ ಹುಡುಗಿ ತಡೆದಳು. ಐಸ್ ಬರುವ ತನಕ ಕಾಯುವ ಹೊತ್ತಲ್ಲೇ ನಾಯಿ ಹೋಗುತ್ತೆ, ಕೈಗೆ ಸಿಕ್ಕ ನೀರು ನಾಯಿಯ ಮೈಗಿಂತ ತಣ್ಣಗಿದ್ದರೆ ಸಾಕು ಅಂದಳು. ಮೊದಲು ತಣಿಸು, ಆಮೇಲೆ ಆಸ್ಪತ್ರೆಗೆ ಹೊರಡು. ನಾನು ಇಷ್ಟು ದಿನ ತಿಳಿದಿದ್ದು ಉಲ್ಟಾ. ಎತ್ತಿಕೊಂಡು ಮೊದಲು ಡಾಕ್ಟರ ಹತ್ತಿರ ಓಡಬೇಕು ಅಂತಲೇ ಇದ್ದೆ. ಓಡಿದ್ದರೆ ಆ ಟ್ರಾಫಿಕ್ಕಲ್ಲಿ ಮುಕ್ಕಾಲು ಗಂಟೆ.

ಡಾಕ್ಟರ ಟೇಬಲ್ ಮೇಲೆ ಮಲಗಿಸಿದಾಗಲೂ ಥರ್ಮಾಮೀಟರ್ 104 ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಷ್ಟು ನೀರು ಸುರಿದ ಮೇಲೆ. ಡ್ರಿಪ್ ಹಾಕಿದರು. ಮರುದಿನ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಅಂದರು. ಕಾವು ಇಳಿದ ಮೇಲೂ ಮೂತ್ರಪಿಂಡಕ್ಕೆ ಏಟು ಬಿದ್ದಿರಬಹುದು, ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆ ಆಗಬಹುದು, ಎದ್ದು ಓಡಾಡಿದ ಅಂತ ಸುಮ್ನೆ ಇರಬೇಡಿ ಅಂದರು. ಮೂರು ದಿನ ಗುಂಡ ಅನ್ನ ಮುಟ್ಟಲಿಲ್ಲ. ನಾಲ್ಕನೇ ದಿನ ಅತ್ತೆಯ ಮೊಸರನ್ನ ತಿಂದ. ಅತ್ತೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಡಾಕ್ಟರು ಹೇಳಿದ ಒಂದು ಲೆಕ್ಕ ಮಾತ್ರ ತಲೆಯಲ್ಲಿ ಕೂತುಬಿಟ್ಟಿದೆ. ಆರೋಗ್ಯವಾಗಿರುವ ನಾಯಿಯ ಮೈ ಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅಂದರೆ ಮುಂದಿನ ಭಾನುವಾರ ಬೆಂಗಳೂರಿನ ಗಾಳಿ ಮುಟ್ಟಿದ ಬಿಸಿ, ನಾಯಿಯ ಮೈ ಬಿಸಿ, ಎರಡೂ ಒಂದೇ. ನಮಗೆ ಮೈಯೆಲ್ಲ ಬೆವರುತ್ತೆ, ಅದು ಆರುವಾಗ ತಂಪಾಗುತ್ತೆ. ನಾಯಿಗೆ ಬೆವರೋದು ಹೆಚ್ಚು ಕಡಿಮೆ ಪಾದದ ಮೆತ್ತೆಯಲ್ಲಿ ಮಾತ್ರ. ಉಳಿದ ಕೆಲಸವೆಲ್ಲ ನಾಲಿಗೆಯದು, ಏದುಸಿರಿನದು. ಬಾಯಿಯ ಪಸೆ ಆರಿದಷ್ಟೂ ಮೈ ತಣ್ಣಗಾಗಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ಪಸೆಯೂ ಆರಲ್ಲ. ಅದಕ್ಕೇ ಮಂಗಳೂರಿನ 34 ಡಿಗ್ರಿ ಒಣ ಊರಿನ 38ಕ್ಕಿಂತ ನಾಯಿಗೆ ಸುಲಭ ಅಂತೇನೂ ತಿಳಿಯಬೇಡಿ. ಇನ್ನು ಪಗ್, ಬುಲ್‌ಡಾಗ್, ಶಿಟ್‌ಜು ತರಹದ ಮೂತಿ ಚಪ್ಪಟೆ ನಾಯಿಗಳಿಗೆ ಉಸಿರಾಡೋ ದಾರಿಯೇ ಇಕ್ಕಟ್ಟು.

ಗುಂಡನದು ಇನ್ನೊಂದು ಕಥೆ. ಲ್ಯಾಬ್ರಡಾರ್‌ನ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯವರು. ಕೊರೆಯುವ ಸಮುದ್ರಕ್ಕೆ ಹಾರಿ ಮೀನುಗಾರರಿಗೆ ಬಲೆ ಎಳೆದುಕೊಡುತ್ತಿದ್ದ ಜಾತಿ. ಮೈಮೇಲೆ ಎರಡು ಪದರ ಕೂದಲು. ಇಂಥವನನ್ನು ಬನಶಂಕರಿ ಮೂರನೇ ಹಂತಕ್ಕೆ ತಂದು ಏಪ್ರಿಲ್ ಬಿಸಿಲಲ್ಲಿ ಓಡಿಸಿದ್ದೇನೆ. ನಮ್ಮದೇ ಮುಧೋಳದ ನಾಯಿ ನೋಡಿ, ಬಾಗಲಕೋಟೆಯ ಬಿಸಿಲಿಗೇ ಕೆತ್ತಿಟ್ಟ ಹಾಗಿದೆ. ಸಣ್ಣ ಕೂದಲು, ಒಳಗೆಳೆದ ಹೊಟ್ಟೆ, ಮೈಯಲ್ಲಿ ಒಂದು ಚಮಚ ಕೊಬ್ಬಿಲ್ಲ. 2005ರಲ್ಲಿ ಅದರ ಅಂಚೆಚೀಟಿಯೇ ಬಂತು. ಆದರೂ ನಮ್ಮ ಬೀದಿಯಲ್ಲಿ ಹಿಮದ ನಾಡಿನ ಹಸ್ಕಿ ಎರಡಿವೆ, ಮುಧೋಳ ಒಂದೂ ಇಲ್ಲ. (ಹೋಗಲಿ ಬಿಡಿ, ಲ್ಯಾಬ್ ಸಾಕಿಕೊಂಡು ನಾನು ಇದನ್ನು ಹೇಳಬಾರದು. ಅದೂ ಅಲ್ಲದೆ ಮುಧೋಳಕ್ಕೆ ಓಡೋಕೆ ಬಯಲು ಬೇಕು, ಎರಡು ಬೆಡ್‌ರೂಮಿನ ಮನೆಯಲ್ಲಿ ಕಟ್ಟಿಹಾಕಿದರೆ ಅದೂ ಹಿಂಸೆಯೇ.)

ನಮ್ಮ ಬೀದಿಯ ಅಪಾರ್ಟ್‌ಮೆಂಟಿಗೆ ಕಲಬುರಗಿ ಕಡೆಯ ಒಬ್ಬ ವಾಚ್‌ಮನ್ ಇದ್ದಾರೆ. ಗುಂಡನ ಕಥೆ ಕೇಳಿ ಅವರು ಅಯ್ಯೋ ಅನ್ನಲಿಲ್ಲ. “ಅಕ್ಕಾರ, ನಮ್ಮ ಕಡಿ ಬ್ಯಾಸಗ್ಯಾಗ ಸರ್ಕಾರಿ ಆಫೀಸೇ ಮುಂಜಾನಿ ಎಂಟಕ್ಕ ತೆರದು ಮಧ್ಯಾಹ್ನ ಒಂದೂವರಿಗೆ ಬಂದ್ ಆಗ್ತಾವರಿ. ನಿಮ್ಮ ನಾಯಿಗಿ ಹತ್ತೂವರಿಗೆ ಏನ್ ಡ್ಯೂಟಿ ಅದರಿ?” ಅಂದರು.

ನಿಜ. ಏಪ್ರಿಲ್ ಮೇ ಬಂದರೆ ಆ ಕಡೆ ಸರ್ಕಾರವೇ ಗಡಿಯಾರ ಬದಲಾಯಿಸುತ್ತೆ. ನಾನು ಮಾತ್ರ ನನ್ನ ಭಾನುವಾರದ ನಿದ್ದೆಗೆ ಸರಿಯಾಗಿ ನಾಯಿಯ ಹೊತ್ತು ಇಟ್ಟುಕೊಂಡಿದ್ದೆ.

ಈಗ ನಮ್ಮ ಬೇಸಿಗೆಯ ಹೊತ್ತು ಬೆಳಗ್ಗೆ ಐದೂವರೆ. ಸಂಜೆ ಏಳರ ಮೇಲೆ. ಸಂಜೆ ಬಿಸಿಲು ಇಳಿಯಿತು ಅಂತ ಐದಕ್ಕೇ ಹೊರಡೋ ಹಾಗಿಲ್ಲ, ಯಾಕಂದರೆ ಸೂರ್ಯ ಇಳಿದರೂ ರಸ್ತೆ ಇಳಿದಿರಲ್ಲ. ಡಾಂಬರು, ಕಾಂಕ್ರೀಟು, ಫುಟ್‌ಪಾತಿನ ಚಪ್ಪಡಿ, ಎಲ್ಲ ಹಗಲೆಲ್ಲ ಕಾದಿರುತ್ತೆ. ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಎಣಿಸಿ, ತಡೆಯೋಕಾಗದಿದ್ದರೆ ನಾಯಿಯನ್ನು ನಡೆಸಬೇಡಿ ಅಂತ ಹೇಳುತ್ತಾರೆ. ನನಗೆ ಅದಕ್ಕಿಂತ ಸುಲಭದ ದಾರಿ ಸಿಕ್ಕಿದೆ. ಚಪ್ಪಲಿ ಬಿಟ್ಟು ನಿಲ್ಲೋದು. ಬೇಸಿಗೆ ಮಧ್ಯಾಹ್ನ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ನಾವೆಲ್ಲ ತುದಿಗಾಲಲ್ಲಿ ಕುಪ್ಪಳಿಸಿಕೊಂಡು ನೆರಳಿಗೆ ಓಡುತ್ತೇವಲ್ಲ, ನಾಯಿಗೆ ದಿನಾ ಅದೇ ಪ್ರದಕ್ಷಿಣೆ. ಅದರ ಕೊರಳಿನ ಹಗ್ಗ ನಮ್ಮ ಕೈಯಲ್ಲಿ ಇರೋದರಿಂದ ನೆರಳಿಗೆ ಓಡೋಕೂ ಆಗಲ್ಲ.

ಕಾರಿನ ವಿಷಯ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. ‘ಎರಡೇ ನಿಮಿಷ, ಕೊತ್ತಂಬರಿ ಸೊಪ್ಪು ತಗೊಂಡು ಬಂದೆ’ ಅಂತ ನಾಯಿಯನ್ನು ಕಾರಲ್ಲಿ ಬಿಟ್ಟು ಹೋಗಬೇಡಿ. ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತೆ, ಕಿಟಕಿ ಎರಡು ಬೆರಳು ಇಳಿಸಿದ್ದರೂ ಹೆಚ್ಚು ವ್ಯತ್ಯಾಸ ಇಲ್ಲ. ಸೊಪ್ಪಿನ ಅಂಗಡಿಯಲ್ಲಿ ಎರಡು ನಿಮಿಷ ಅನ್ನೋದು ಯಾವತ್ತು ಎರಡು ನಿಮಿಷ ಆಗಿದೆ ಹೇಳಿ.

ಐದೂವರೆಗೆ ಹೊರಟರೆ ಒಂದು ಲಾಭ ಇದೆ, ಬೇರೆಯೇ ಊರು ಸಿಗುತ್ತೆ. ಹಾಲಿನವರು, ಪೇಪರ್ ಹುಡುಗರು, ಹೂ ಮಾರುವ ಅಜ್ಜಿ, ಪೊರಕೆ ಹಿಡಿದ ಪೌರಕಾರ್ಮಿಕರು. ಮತ್ತೆ ನಾಯಿ ಇರುವವರು, ಮುಖ ತೊಳೆಯದೆ, ಬನಿಯನ್ನಲ್ಲೇ, ನೈಟಿ ಮೇಲೆ ದುಪಟ್ಟಾ ಹಾಕಿಕೊಂಡು. ಮೊದಲ ವರ್ಷ ನಾಲ್ಕು ಜನ ಇದ್ದೆವು, ಈಗ ಹದಿನಾಲ್ಕು. ಯಾರ ಹೆಸರೂ ಸರಿಯಾಗಿ ಗೊತ್ತಿಲ್ಲ. ನಾನು ಗುಂಡನ ಅಮ್ಮ. ಅವರು ಚಿನ್ನಿಯ ಅಂಕಲ್. ಕೊನೆ ಮನೆಯವರು ಪಗ್ ಆಂಟಿ, ಅವರಿಗೆ ಈ ಹೆಸರು ಇಷ್ಟ ಇಲ್ಲ.

ನಾನು ಕಲಿತದ್ದರಲ್ಲಿ ಅರ್ಧ ಈ ಬೆಳಗಿನವರಿಂದಲೇ. ಒಬ್ಬರು ಸೆಕೆ ಅಂತ ಗೋಲ್ಡನ್ ರಿಟ್ರೀವರ್‌ನ ಮೈಯೆಲ್ಲ ನುಣ್ಣಗೆ ಬೋಳಿಸಿ ತಂದರು. ಆಮೇಲೆ ಗೊತ್ತಾಯಿತು, ಆ ಎರಡು ಪದರದ ಕೂದಲು ಬಿಸಿಲನ್ನು ತಡೆಯುವ ಚಪ್ಪರವೂ ಹೌದು ಅಂತ. ಬಾಚಿ ಉದುರಿದ ಕೂದಲು ತೆಗೆದರೆ ಸಾಕಿತ್ತು. ಚಿನ್ನಿಯ ಕಥೆ ಇನ್ನೂ ದುಬಾರಿ. ಮೇ ತಿಂಗಳು, ಮನೆ ತುಂಬ ಮಾವಿನ ಹಣ್ಣು. ಯಾರೋ ಚೀಪಿ ಬಿಸಾಡಿದ ರಸಪುರಿ ಓಟೆಯನ್ನು ಚಿನ್ನಿ ಇಡಿಯಾಗಿ ನುಂಗಿದೆ. ಎರಡು ದಿನ ವಾಂತಿ, ಮೂರನೇ ದಿನ ಹೊಟ್ಟೆ ಕೊಯ್ದು ಕರುಳಲ್ಲಿ ಸಿಕ್ಕಿಕೊಂಡ ಓಟೆ ತೆಗೆದರು. ಹಣ್ಣು ತಿನ್ನಿಸಿ, ತೊಂದರೆ ಇಲ್ಲ. ಓಟೆ ಮಾತ್ರ ಮುಚ್ಚಳ ಇರುವ ಡಬ್ಬಿಗೆ ಹಾಕಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ಹಾಗಾಗಿ ರಾಮನವಮಿಯ ಹಣ್ಣಿನ ರಸಾಯನವನ್ನೂ ಪ್ರಸಾದ ಅಂತ ಕೊಡಬೇಡಿ, ನಮ್ಮತ್ತೆಗೆ ಇದನ್ನು ಒಪ್ಪಿಸೋಕೆ ಒಂದು ವಾರ ಹಿಡಿಯಿತು.

ರಾಮನವಮಿ ಅಂದಾಗ ನೆನಪಾಯಿತು. ಬೀದಿನಾಯಿಗಳಿಗೆ ನೀರಿನ ಅರವಟ್ಟಿಗೆ ಇಡುವ ಯೋಚನೆ ಬಂದದ್ದೇ ಆಗ. ಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಿದ್ದರು. ಪೆಂಡಾಲಿನ ಪಕ್ಕದ ಮೋರಿಯಲ್ಲಿ ನಮ್ಮ ಬೀದಿಯ ನಾಯಿ ಕರಿಯ, ಕಪ್ಪು ನೀರು ನೆಕ್ಕುತ್ತಿತ್ತು. ಅರವಟ್ಟಿಗೆ ಇಡೋದು ನಮಗೇನು ಹೊಸದಲ್ಲ, ದನಕರುಗಳಿಗೆ ಕಲ್ಲಿನ ತೊಟ್ಟಿ ಇಡಿಸಿದ ಊರುಗಳು ನಮ್ಮವು. ಐದು ಸಿಮೆಂಟ್ ತೊಟ್ಟಿ ತಂದು ಮರದ ಬುಡದಲ್ಲಿ ಇಟ್ಟೆವು. ಪ್ಲಾಸ್ಟಿಕ್ ಆದರೆ ಯಾರೋ ಎತ್ತಿಕೊಂಡು ಹೋಗುತ್ತಾರೆ, ಸ್ಟೀಲ್ ಆದರೆ ಬಿಸಿಲಿಗೆ ಕಾಯುತ್ತೆ. ಸಿಮೆಂಟು ಭಾರ, ನಾಯಿ ಮಗುಚಲ್ಲ.

ಜಗಳ ಮೂರನೇ ದಿನಕ್ಕೇ ಬಂತು. “ನೀರು ನಿಲ್ಲಿಸಿದರೆ ಡೆಂಗಿ ಬರುತ್ತೆ, ಆಗ ನಿಮ್ಮ ನಾಯಿ ಬಂದು ನನಗೆ ಡ್ರಿಪ್ ಹಾಕುತ್ತಾ?” ಅಂತ ಎದುರು ಮನೆ ಯಜಮಾನರು ಕೂಗಾಡಿದರು. ನಾವು ಅವರನ್ನು ನಾಯಿದ್ವೇಷಿ ಅಂದುಕೊಂಡು ವಾಟ್ಸ್‌ಆ್ಯಪ್ ಗುಂಪಲ್ಲಿ ಆಡಿಕೊಂಡೆವು. ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. 2024ರಲ್ಲಿ ಡೆಂಗಿ ಎಷ್ಟು ಹಬ್ಬಿತೆಂದರೆ ಸೆಪ್ಟೆಂಬರ್ ಹೊತ್ತಿಗೆ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ಮೊಟ್ಟೆ ಸೊಳ್ಳೆಯಾಗೋಕೆ ಒಂದು ವಾರ ಹತ್ತು ದಿನ ಸಾಕು. ಮೊಟ್ಟೆಗಳು ತೊಟ್ಟಿಯ ಗೋಡೆಗೇ ಅಂಟಿರುತ್ತವೆ, ನೀರು ಚೆಲ್ಲಿದರೆ ಹೋಗಲ್ಲ, ಉಜ್ಜಬೇಕು. ಈಗ ದಿನಾ ಬೆಳಗ್ಗೆ ಒಬ್ಬರ ಸರದಿ. ತೆಂಗಿನ ನಾರಲ್ಲಿ ತಿಕ್ಕಿ ಹೊಸ ನೀರು ತುಂಬೋದು, ರಾತ್ರಿ ಬೋರಲು ಹಾಕೋದು. ಯಜಮಾನರು ಈಗಲೂ ಟಾರ್ಚ್ ಹಿಡಿದು ತೊಟ್ಟಿ ಪರೀಕ್ಷೆ ಮಾಡುತ್ತಾರೆ. ಮಾಡಲಿ. ಅವರ ಭಯಕ್ಕೆ ನಮ್ಮ ತೊಟ್ಟಿ ಚೊಕ್ಕಟವಾಗಿದೆ.

ಊಟದ ವಿಷಯ ಬೇರೆ, ಅದಕ್ಕೆ ಕಾನೂನೇ ಬಂದಿದೆ. ಬೀದಿನಾಯಿಗಳಿಗೆ ಎಲ್ಲೆಂದರಲ್ಲಿ ಊಟ ಹಾಕುವಂತಿಲ್ಲ, ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ಇದು ಸಿಟ್ಟು ಬರಿಸಿದ್ದು ನಮ್ಮಲ್ಲೇ ಕೆಲವರಿಗೆ. ನನಗೇನೋ ಸರಿ ಅನ್ನಿಸಿತು. ಬೇರೆಯವರ ಮನೆ ಗೇಟಿನ ಮುಂದೆ ಅನ್ನ ಸುರಿದು ನಾವು ಪುಣ್ಯ ಕಟ್ಟಿಕೊಂಡು ಹೋಗೋದು, ಅಲ್ಲಿ ಸೇರಿದ ಏಳು ನಾಯಿಗಳ ಮಧ್ಯೆ ಆ ಮನೆಯ ಮಗು ಸ್ಕೂಲಿಗೆ ಹೋಗೋದು, ಇದು ಯಾವ ನ್ಯಾಯ?

ಕಬ್ಬನ್ ಪಾರ್ಕಿನ ಕಥೆಯೂ ಅದೇ ಅಲ್ವಾ. ಅಲ್ಲಿ ನಾಯಿಗಳಿಗೇ ಅಂತ ಜಾಗ ಇದೆ, ತಿಂಗಳ ಕೊನೆಯ ಭಾನುವಾರ ನಾಯಿ ಇರುವವರು ಸೇರುತ್ತಾರೆ. ಇಂಥ ಪಾರ್ಕಿಗೆ 2022ರಲ್ಲಿ ಸಾಕುನಾಯಿಗಳನ್ನು ಬಿಡುವುದೇ ಬೇಡ ಅನ್ನೋ ಮಾತು ಬಂತು, ಜುಲೈಯಿಂದಲೇ ನಿಷೇಧ ಅಂತ. ಗಲಾಟೆಯಾಗಿ ಅದು ನಿಂತಿತು. ಆದರೆ ಮಾತು ಯಾಕೆ ಬಂತು ಅಂದರೆ ಮುಖ್ಯವಾಗಿ ನಾಯಿ ಕಕ್ಕ ಮಾಡಿದ್ದನ್ನು ಜನ ಎತ್ತದೆ ಹೋಗುತ್ತಿದ್ದುದಕ್ಕೆ. ಒಂದು ಹಳೇ ಪೇಪರ್ ಹಾಳೆ ಮಡಚಿ ಜೇಬಲ್ಲಿಟ್ಟುಕೊಳ್ಳೋಕೆ ಆಗದವರಿಂದ ಊರಿನ ನಾಯಿಗಳಿಗೆಲ್ಲ ಗೇಟು ಬೀಳುವುದರಲ್ಲಿತ್ತು.

ಮೇ ತಿಂಗಳಲ್ಲಿ ಒಂದು ಭಾನುವಾರ ನಾವೂ ಸೇರುತ್ತೇವೆ, ಬೀದಿಯ ಖಾಲಿ ಸೈಟಿನಲ್ಲಿ. ಬ್ಯಾನರ್ ಇಲ್ಲ. ಆರಕ್ಕೆ ಶುರು, ಏಳೂವರೆಗೆ ಜಾಗ ಖಾಲಿ. ಒಬ್ಬ ಪಶುವೈದ್ಯರು ಬಂದು ರೇಬೀಸ್ ಚುಚ್ಚುಮದ್ದು ಹಾಕುತ್ತಾರೆ, ಮನೆ ನಾಯಿಗೂ ಕರಿಯನಂಥವಕ್ಕೂ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕೋದನ್ನು ತೋರಿಸಿಕೊಡುತ್ತಾರೆ. ಬೇಸಿಗೆಯಲ್ಲಿ ಉಣ್ಣಿ ಜಾಸ್ತಿ. ಉಣ್ಣಿ ಜ್ವರ ಬಂದರೆ ಪ್ಲೇಟ್‌ಲೆಟ್ ಇಳಿದು ಮೂಗಲ್ಲಿ ರಕ್ತ ಬರುವ ತನಕ ಹೋಗುತ್ತೆ. ನಾಯಿಗೆ ಮಾತ್ರ ಔಷಧಿ ಹಾಕಿದರೆ ಮುಗಿಯಲ್ಲ, ಗೋಡೆಯ ಬಿರುಕಲ್ಲಿ ಸಾವಿರಾರು ಮೊಟ್ಟೆ ಇಟ್ಟಿರುತ್ತವೆ.

ಆಟ ಅಂದರೆ ಓಟ ಇಲ್ಲ, ಮೂಗಿನ ಆಟ. ಹಳೇ ಬೆಡ್‌ಶೀಟು ಹತ್ತು ಗಂಟು ಹಾಕಿ ಒಳಗೆ ಇಡ್ಲಿ ಚೂರು ಬಚ್ಚಿಡೋದು, ನಾಯಿ ಮೂಸಿ ಹುಡುಕಬೇಕು. ಹದಿನೈದು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಗುಂಡ ಒಂದು ಗಂಟೆ ಓಡಿದವನ ಹಾಗೆ ಮಲಗುತ್ತಾನೆ. ಇದು ಮೊದಲೇ ಗೊತ್ತಿದ್ದರೆ! ಬಹುಮಾನಕ್ಕೆ ಮಜ್ಜಿಗೆ ಐಸ್, ಉಪ್ಪು ಇಂಗು ಹಸಿಮೆಣಸಿನಕಾಯಿ ಏನೂ ಇಲ್ಲದ ಬರೀ ನೀರುಮಜ್ಜಿಗೆಯನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿದ್ದು. ನಾಯಿ ಇಲ್ಲದ ಮನೆಯ ಮಕ್ಕಳೂ ಬರುತ್ತಾರೆ. ಅಪರಿಚಿತ ನಾಯಿ ಹತ್ತಿರ ಬಂದರೆ ಓಡಬಾರದು, ಕೂಗಬಾರದು, ಕೈ ಮೈಗೆ ಅಂಟಿಸಿ ನೆಲ ನೋಡುತ್ತಾ ಮರದ ಹಾಗೆ ನಿಲ್ಲಬೇಕು ಅಂತ ಆಟ ಆಡಿಸುತ್ತೇವೆ. ಎದುರು ಮನೆ ಯಜಮಾನರ ಮೊಮ್ಮಗ ನಾಯಿ ಕಂಡರೆ ಅಳುತ್ತಿದ್ದವನು, ಈಗಲೂ ಗುಂಡನನ್ನು ಮುಟ್ಟಲ್ಲ. ಆದರೆ ಮರ ಮಾತ್ರ ಚೆನ್ನಾಗಿ ಆಗುತ್ತಾನೆ.

ಈ ವರ್ಷವೂ ಊರಾಚೆಯ ಆ ಸಮ್ಮಿಲನಕ್ಕೆ ಕರೆ ಬಂತು, ಬೆಳಗ್ಗೆ ಹತ್ತಕ್ಕೆ. ಆರಕ್ಕೆ ಇಡಬಾರದಾ ಅಂತ ಫೋನ್ ಮಾಡಿ ಕೇಳಿದೆ. “ಆರಕ್ಕೆ ಯಾರು ಬರ್ತಾರೆ ಮೇಡಂ?” ಅಂದರು. ಹದಿನಾಲ್ಕು ಜನ ಬರ್ತಾರೆ ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಗುಂಡನಿಗೆ ಈಗ ಎಂಟು ತುಂಬಿದೆ, 33 ಕೆಜಿ. ಚಪಾತಿ ಕಮ್ಮಿಯಾಗಿದೆ, ಅತ್ತೆಯ ಮುನಿಸು ಜಾಸ್ತಿಯಾಗಿದೆ. ಚೆಂಡು ಈಗಲೂ ಎಸೆಯುತ್ತೇನೆ, ಆರು ಸಲ. ಎಣಿಸುವವಳು ನಾನು, ಅವನಿಗೆ ಲೆಕ್ಕ ಬರಲ್ಲ. ಆರನೆಯದು ತಂದ ಮೇಲೆ ಚೆಂಡು ಚೀಲದೊಳಗೆ. ಅವನು ಬಂದು ಆ ಚೀಲದ ಮುಂದೆ ಕೂರುತ್ತಾನೆ, ಒಮ್ಮೆ ಚೀಲ ನೋಡುತ್ತಾನೆ, ಒಮ್ಮೆ ನನ್ನ ಮುಖ ನೋಡುತ್ತಾನೆ. ನಾನು ಜಿಪ್ ಎಳೆದು, “ಸಾಕು, ನಡಿಯೋ ಮನೆಗೆ” ಅನ್ನುತ್ತೇನೆ.